ಸಹಿ ಅಸಲಿಯೇ ಎಂಬ ಅನುಮಾನವಿದ್ದಾಗ ಸಂಗ್ರಹದ ವಸ್ತುವನ್ನು ಮಾರುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಹಿರಿಯರು ಬಿಟ್ಟುಹೋದ ಪೆಟ್ಟಿಗೆಯಲ್ಲಿ ಸಹಿ ಹಾಕಿದ ಚೆಂಡೊಂದು ಸಿಕ್ಕಿದೆ. ಅಥವಾ ಎಂದೋ ಆಸೆಪಟ್ಟು ಕೊಂಡು ಚೌಕಟ್ಟು ಹಾಕಿಸಿದ್ದ ಫೋಟೋವನ್ನು ಈಗ ಮಾರಬೇಕಾಗಿ ಬಂದಿದೆ. ಅಂದು ಜೊತೆಗೆ ಕೊಟ್ಟಿದ್ದ ಪ್ರಮಾಣಪತ್ರವನ್ನು ಇಂದು ಬಿಡಿಸಿ ನೋಡಿದರೆ ಅದರಲ್ಲಿ ಕೊಟ್ಟವರ ವಿಳಾಸವೂ ಇಲ್ಲ, ಹೆಸರೂ ನೆಟ್ಟಗಿಲ್ಲ. ಸಹಿಯನ್ನು ಮತ್ತೆ ಮತ್ತೆ ನೋಡುತ್ತೀರಿ. ಇದು ನಿಜಕ್ಕೂ ಅವರ ಕೈಯದೇ?

ಇಂಥದ್ದನ್ನು ಮಾರಲೇಬಾರದು ಎನ್ನುವವರಿದ್ದಾರೆ. ನಾನು ಹಾಗೆನ್ನುವುದಿಲ್ಲ. ಮಾರಬಹುದು, ಆದರೆ ಅನುಮಾನವನ್ನು ಮನೆಯಲ್ಲಿಟ್ಟುಕೊಂಡು ವಸ್ತುವನ್ನಷ್ಟೇ ಕಳಿಸುವ ಹಾಗಿಲ್ಲ. ನಿಮಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದೆಲ್ಲ ವಸ್ತುವಿನ ಜೊತೆಗೇ ಕೊಳ್ಳುವವರ ಕೈ ಸೇರಬೇಕು.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಸಂಗ್ರಹಕ್ಕಿಳಿದ ಮೊದಲ ವರ್ಷಗಳಲ್ಲಿ ಸಹಿ ಇದ್ದ ಫೋಟೋವೊಂದನ್ನು ಮಾರಿದೆ. ಸಹಿಯ ಕೊನೆಯ ಎರಡು ಅಕ್ಷರಗಳ ಬಗ್ಗೆ ನನಗೆ ಆಗಲೇ ಅಳುಕಿತ್ತು. ಕೊಂಡವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರು ಅದನ್ನು ತಮ್ಮ ತಂದೆಗೆ ಉಡುಗೊರೆಯಾಗಿ ಕೊಟ್ಟಿದ್ದರು. ಎರಡು ವರ್ಷದ ನಂತರ ಪರಿಣತರೊಬ್ಬರು ಅದು ಕಾರ್ಯದರ್ಶಿ ಹಾಕಿದ ಸಹಿ ಎಂದಾಗ ಅವರು ನನಗೆ ಫೋನ್ ಮಾಡಿದರು. ಹಣ ವಾಪಸ್ ಕೊಟ್ಟೆ. "ನಿಮಗೆ ಮೊದಲೇ ಅನುಮಾನ ಇತ್ತಾ?" ಎಂದು ಅವರು ಕೇಳಿದ್ದಕ್ಕೆ ಹೌದು ಎನ್ನಬೇಕಾಯಿತು. ಆ ಗಳಿಗೆಯನ್ನು ನಾನು ಮರೆತಿಲ್ಲ.

ಮೊದಲು ಕೈಕಟ್ಟಿ ಕುಳಿತುಕೊಳ್ಳಿ

ಅನುಮಾನ ಬಂದ ದಿನ ಏನನ್ನೂ ಮಾಡಬೇಡಿ. ಮಾರಾಟಕ್ಕೆ ಹಾಕಬೇಡಿ, ಹಾಕಿದ್ದರೆ ತೆಗೆಯಿರಿ. ವಸ್ತುವನ್ನು ಒರೆಸಬೇಡಿ, ತೊಳೆಯಬೇಡಿ. ಮಸುಕಾದ ಸಹಿಯ ಮೇಲೆ ಪೆನ್ನಾಡಿಸಬೇಡಿ. ಅಸಲಿ ಸಹಿಯನ್ನೂ ಶಾಶ್ವತವಾಗಿ ಕೆಡಿಸುವ ಕೆಲಸ ಅದು, ಆಮೇಲೆ ಯಾವ ಪರಿಣತರೂ ಅದರ ಬಗ್ಗೆ ಅಭಿಪ್ರಾಯ ಕೊಡುವುದಿಲ್ಲ.

ಹಳೆಯ ಲಕೋಟೆ, ರಸೀದಿ, ಚೌಕಟ್ಟಿನ ಹಿಂದಿನ ರಟ್ಟು, ಅದರ ಮೇಲೆ ಅಂಟಿಸಿದ ಚೀಟಿ ಯಾವುದನ್ನೂ ಎಸೆಯಬೇಡಿ. ಚೌಕಟ್ಟು ಬಿಚ್ಚುವುದಾದರೆ ಬಿಚ್ಚುವ ಮೊದಲು ಮುಂದೆ, ಹಿಂದೆ, ಅಂಚು, ಎಲ್ಲ ಕಡೆಯ ಫೋಟೋ ತೆಗೆದುಕೊಳ್ಳಿ. ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಕಾಗದದ ಸಂರಕ್ಷಣೆ ಬಲ್ಲವರ ಕೈಗೆ ಕೊಡಿ. ಬಿಸಿಲಿನಿಂದ ದೂರ ಇಡಿ.

ಅನುಮಾನ ಯಾವ ಬಗೆಯದು?

"ನಕಲಿ" ಎಂಬ ಒಂದೇ ಮಾತಿನೊಳಗೆ ಬೇರೆ ಬೇರೆ ಸಂಗತಿಗಳಿವೆ. ಕೆಲವು ಮೋಸ, ಕೆಲವು ಮೋಸವೇ ಅಲ್ಲ. ಯಾವುದು ಎಂದು ಗುರುತಿಸಿದರೆ ಮಾರುವ ದಾರಿಯೂ ಅರ್ಧ ತಿಳಿದಂತೆ.

ಎಲ್ಲಕ್ಕಿಂತ ಸಾಮಾನ್ಯವಾದದ್ದು ಅಚ್ಚಾದ ಸಹಿ. ಒಬ್ಬರು ಒಮ್ಮೆ ನಿಜವಾಗಿ ಹಾಕಿದ ಸಹಿಯನ್ನು ಚಿತ್ರದ ಜೊತೆಗೇ ಸಾವಿರಾರು ಪ್ರತಿ ಮುದ್ರಿಸಿರುತ್ತಾರೆ. ಅಭಿಮಾನಿಗಳಿಗೆ ಕಳಿಸುವ ಕಾರ್ಡು, ಸ್ಮರಣಿಕೆಯ ಬ್ಯಾಟು, ತಂಡದ ಫೋಟೋಗಳಲ್ಲಿ ಇದು ಯಥೇಚ್ಛ. ಮುದ್ರಿಸಿದವರು ಯಾರನ್ನೂ ಮೋಸ ಮಾಡಲು ಹೊರಟವರಲ್ಲ. ಕೈ ಬದಲಾಗುತ್ತ ಹೋದ ಹಾಗೆ ಯಾರೋ ಒಬ್ಬರು ಅದನ್ನು "ಸಹಿ ಮಾಡಿದ್ದು" ಎಂದು ಕರೆದಿರುತ್ತಾರೆ. ರಬ್ಬರ್ ಮೊಹರಿನ ಸಹಿಯೂ ಇದೇ ಜಾತಿಯದು.

ಎರಡನೆಯದು ಬೇರೆಯವರ ಕೈ. ಪತ್ರಗಳ ರಾಶಿ ಬರುವ ಯಾರಿಗೂ ಎಲ್ಲದಕ್ಕೂ ತಾವೇ ಸಹಿ ಹಾಕಲು ಆಗುವುದಿಲ್ಲ. ಹಾಲಿವುಡ್ ನಟಿ ಜೀನ್ ಹಾರ್ಲೋ ಹೆಸರಿನಲ್ಲಿ ಅಭಿಮಾನಿಗಳಿಗೆ ಹೋದ ಎಷ್ಟೋ ಫೋಟೋಗಳಿಗೆ ಸಹಿ ಹಾಕಿದ್ದು ಆಕೆಯ ತಾಯಿ. ಬೀಟಲ್ಸ್ ಎಂಬ ಸಂಗೀತ ತಂಡದ ಜೊತೆ ಊರೂರು ತಿರುಗುತ್ತಿದ್ದ ನೀಲ್ ಆಸ್ಪಿನಾಲ್ ಮತ್ತು ಮಾಲ್ ಇವಾನ್ಸ್ ನಾಲ್ವರ ಸಹಿಯನ್ನೂ ಹಾಕಿ ಕೊಡುತ್ತಿದ್ದರು. ಇಂಥ ವಸ್ತು ಆ ಕಾಲದ್ದೇ, ಆ ಜಾಗದಿಂದಲೇ ಬಂದದ್ದು, ಮನೆತನದ ಕತೆಯೂ ಪೂರ್ತಿ ನಿಜ. "ನಮ್ಮ ಅತ್ತೆ ಬರೆದ ಪತ್ರಕ್ಕೆ ಉತ್ತರವಾಗಿ ಬಂದದ್ದು" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೂ ಸಹಿ ಮಾತ್ರ ಅವರದ್ದಲ್ಲ. ನನ್ನ ಅನುಭವದಲ್ಲಿ ಮಾರುವವರಿಗೆ ಅತಿ ಹೆಚ್ಚು ನೋವು ಕೊಡುವುದು ಈ ಬಗೆ.

ಮೂರನೆಯದು ಆಟೋಪೆನ್, ಅಂದರೆ ಪೆನ್ನು ಹಿಡಿದು ಸಹಿ ಹಾಕುವ ಯಂತ್ರ. ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರ ಸಹಿಗಳಲ್ಲಿ ಯಂತ್ರದವೂ ಇವೆ, ಕಾರ್ಯದರ್ಶಿಗಳ ಕೈಯವೂ ಇವೆ. 2022ರಲ್ಲಿ ಗಾಯಕ ಬಾಬ್ ಡಿಲನ್ ಅವರ ಪುಸ್ತಕವೊಂದರ ಸಹಿ ಮಾಡಿದ ಪ್ರತಿಗಳನ್ನು ದೊಡ್ಡ ಬೆಲೆಗೆ ಮಾರಲಾಯಿತು, ಸಹಿ ಅಸಲಿ ಎಂಬ ಪ್ರಕಾಶಕರ ಪತ್ರವೂ ಜೊತೆಗಿತ್ತು. ಕೊಂಡವರು ತಮ್ಮ ತಮ್ಮ ಪ್ರತಿಗಳನ್ನು ಹೋಲಿಸಿ ನೋಡಿದಾಗ ಯಂತ್ರದ ಗುಟ್ಟು ಬಯಲಾಯಿತು. ಪ್ರಕಾಶಕರು ಹಣ ಮರಳಿಸಿದರು, ಡಿಲನ್ ಕ್ಷಮೆ ಕೇಳಿದರು. ನೇರ ಮೂಲದಿಂದ, ಪತ್ರಸಮೇತ ಬಂದದ್ದೂ ತಪ್ಪಾಗಿರಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಕೊನೆಯದು ನಿಜವಾದ ಖೋಟಾ ಸಹಿ, ಮೋಸಕ್ಕೆಂದೇ ಮಾಡಿದ್ದು. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ 1990ರ ದಶಕದ ಕೊನೆಯಲ್ಲಿ ನಡೆಸಿದ "ಆಪರೇಷನ್ ಬುಲ್‌ಪೆನ್" ತನಿಖೆಯಲ್ಲಿ ಇಂಥ ಜಾಲಗಳು ಸಿಕ್ಕಿಬಿದ್ದವು. ಆ ಜಾಲದವರು ಆಟಗಾರರ ಸಹಿಗಳ ಜೊತೆಗೆ ಬೇಸ್‌ಬಾಲ್ ಚೆಂಡುಗಳ ಮೇಲೆ ಮದರ್ ತೆರೇಸಾ ಅವರ ಸಹಿಯನ್ನೂ ಹಾಕಿ ಮಾರಿದ್ದರು. ಆ ವಸ್ತುಗಳ ಜೊತೆ ಪ್ರಮಾಣಪತ್ರಗಳೂ ಹೋಗುತ್ತಿದ್ದವು.

ಮೂಲದ ಕತೆಯನ್ನು ಮೂರು ಭಾಗ ಮಾಡಿ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಮೊದಲ ಭಾಗದಲ್ಲಿ ನೀವು ಕಣ್ಣಾರೆ ಕಂಡದ್ದು. ಎರಡನೆಯದರಲ್ಲಿ ಯಾರೋ ನಿಮಗೆ ಹೇಳಿದ್ದು, ಯಾರು, ಯಾವಾಗ ಹೇಳಿದರು ಎಂಬುದರ ಸಮೇತ. ಮೂರನೆಯದರಲ್ಲಿ ನಿಮ್ಮ ಊಹೆ. ಬರೆಯುತ್ತ ಕುಳಿತರೆ ನಿಮಗೇ ಆಶ್ಚರ್ಯವಾಗುತ್ತದೆ: ಇಷ್ಟು ದಿನ "ಗೊತ್ತಿರುವುದು" ಎಂದುಕೊಂಡಿದ್ದರಲ್ಲಿ ಬಹುಪಾಲು ಎರಡನೆಯ, ಮೂರನೆಯ ಭಾಗಕ್ಕೆ ಜಾರುತ್ತದೆ.

ಆಮೇಲೆ ಕತೆಯನ್ನು ಇಸವಿಗಳಿಗೆ ಕಟ್ಟಿ ನೋಡಿ. ಸಹಿ ಹಾಕಿದವರು ಆ ವರ್ಷ ಬದುಕಿದ್ದರೇ? ಆ ಊರಿಗೆ ಬಂದಿದ್ದರೇ? ಆ ಫೋಟೋ ಆಗ ಅಚ್ಚಾಗಿತ್ತೇ? ಪುಸ್ತಕವಾದರೆ ಅದು ಯಾವ ವರ್ಷದ ಮುದ್ರಣ? ಹಳೆಯ ಅಮೆರಿಕನ್ ಬೇಸ್‌ಬಾಲ್ ಚೆಂಡುಗಳ ಮೇಲೆ ಲೀಗ್ ಅಧ್ಯಕ್ಷರ ಹೆಸರು ಅಚ್ಚಾಗಿರುತ್ತಿತ್ತು. ಆ ಆಟದ ಹೆಸರಾಂತ ಆಟಗಾರ ಬೇಬ್ ರೂತ್ ತೀರಿಕೊಂಡದ್ದು 1948ರಲ್ಲಿ. ಜೋ ಕ್ರೋನಿನ್ ಅಮೆರಿಕನ್ ಲೀಗ್ ಅಧ್ಯಕ್ಷರಾದದ್ದು 1959ರಲ್ಲಿ. ಕ್ರೋನಿನ್ ಹೆಸರಿನ ಚೆಂಡಿನ ಮೇಲೆ ರೂತ್ ಸಹಿ ಕಂಡರೆ ಭೂತಗನ್ನಡಿಯ ಅಗತ್ಯವೇ ಇಲ್ಲ.

ಸಹಿ ಹಾಕುತ್ತಿರುವಾಗ ತೆಗೆದ ಫೋಟೋ ಇದೆ ಎಂದು ಹಲವರು ಹಿಗ್ಗುತ್ತಾರೆ. ಅದು ಒಳ್ಳೆಯದೇ. ಆದರೆ ಫೋಟೋದಲ್ಲಿರುವ ವಸ್ತು ನಿಮ್ಮ ಕೈಯಲ್ಲಿರುವುದೇ ಎಂದು ಗುರುತು ಸಿಗಬೇಕು: ಅಂಚಿನ ಗೀರು, ಮಡಿಕೆ, ಸಹಿ ಕುಳಿತ ಜಾಗ. ಇಲ್ಲದಿದ್ದರೆ ಅವರು ಯಾವುದೋ ಒಂದಕ್ಕೆ ಸಹಿ ಹಾಕಿದರು ಎಂದಷ್ಟೇ ಅದು ಹೇಳುತ್ತದೆ.

ನೀವೇ ಮಾಡಬಹುದಾದ ಪರೀಕ್ಷೆ

ಬೇಕಾದದ್ದು ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್, ಒಂದು ಸಣ್ಣ ಟಾರ್ಚು, ನೇರಳಾತೀತ ಬೆಳಕಿನ ಇನ್ನೊಂದು ಟಾರ್ಚು, ತಾಳ್ಮೆ.

ಮೊದಲು ಲೂಪ್ ಹಿಡಿದು ಸಹಿಯ ಗೆರೆಯನ್ನು ನೋಡಿ. ಗೆರೆ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು ಕಂಡರೆ ಅದು ಅಚ್ಚು. ಚಿತ್ರದ ಹೊಳಪೂ ಸಹಿಯ ಹೊಳಪೂ ಒಂದೇ ಆಗಿ, ಓರೆ ಬೆಳಕಿನಲ್ಲಿ ಸಹಿ ಬೇರೆಯಾಗಿ ಎದ್ದು ಕಾಣದಿದ್ದರೂ ಅಚ್ಚಿನ ಸಾಧ್ಯತೆಯೇ ಹೆಚ್ಚು. ಬಾಲ್‌ಪೆನ್ನಾದರೆ ಕಾಗದದಲ್ಲಿ ತಗ್ಗು ಬಿದ್ದಿರಬೇಕು, ತಿರುವುಗಳಲ್ಲಿ ಶಾಯಿ ಗಂಟುಗಟ್ಟಿರಬಹುದು. ಲೋಹದ ನಿಬ್ಬಿನ ಪೆನ್ನು ಒತ್ತಿದ ಕಡೆ ಗೆರೆಯ ಎರಡೂ ಅಂಚಿನಲ್ಲಿ ಶಾಯಿ ದಟ್ಟವಾಗಿರುತ್ತದೆ. ಮಾರ್ಕರ್ ಗೆರೆ ಮತ್ತೊಂದು ಗೆರೆಯನ್ನು ದಾಟುವಲ್ಲಿ ಬಣ್ಣ ಗಾಢವಾಗುತ್ತದೆ. ಮೊಹರಿನ ಸಹಿಯಲ್ಲಿ ಇದ್ಯಾವುದೂ ಇರುವುದಿಲ್ಲ, ಅಂಚಿನಲ್ಲಿ ಶಾಯಿ ಹಿಂಡಿದ ಹಾಗೆ ನಿಂತಿರುತ್ತದೆ.

ಆಮೇಲೆ ಗೆರೆಯ ವೇಗ ಗಮನಿಸಿ. ಸಾವಿರ ಸಲ ಹಾಕಿದ ಸಹಿಯನ್ನು ಕೈ ಯೋಚಿಸದೆ ಹಾಕುತ್ತದೆ. ಅಕ್ಷರ ಶುರುವಾಗುವಾಗ ತೆಳ್ಳಗಿದ್ದು, ಕೊನೆಗೆ ಬಾಲದಂತೆ ಸಪೂರವಾಗಿ ಕಾಗದದಿಂದ ಎದ್ದುಹೋಗುತ್ತದೆ. ನೋಡಿ ನೋಡಿ ಬರೆಯುವವನ ಕೈ ನಿಧಾನ. ಸಣ್ಣ ನಡುಕ, ನಡುವೆ ಪೆನ್ನೆತ್ತಿ ಮತ್ತೆ ಊರಿದ ಗುರುತು, ಮೊಂಡಾದ ಕೊನೆ. ಆಟೋಪೆನ್ನಿನಲ್ಲಿ ಒತ್ತಡ ಉದ್ದಕ್ಕೂ ಒಂದೇ ಸಮ, ಶುರು ಮತ್ತು ಕೊನೆಯಲ್ಲಿ ಚುಕ್ಕೆ ಇಟ್ಟ ಹಾಗೆ ಶಾಯಿ ನಿಂತಿರುತ್ತದೆ. ಅದೇ ವ್ಯಕ್ತಿಯ ಇನ್ನೊಂದು ಸಹಿಯನ್ನು ಅದೇ ಅಳತೆಗೆ ತಂದು ಮೇಲಿಟ್ಟರೆ ಎರಡೂ ಗೆರೆಗೆ ಗೆರೆ ಕೂಡಿಕೊಂಡರೆ ಯಂತ್ರವೇ. ಮನುಷ್ಯನ ಎರಡು ಸಹಿಗಳು ಹಾಗೆ ಕೂಡುವುದಿಲ್ಲ.

ನಡುಕ ಕಂಡ ಕೂಡಲೇ ನಕಲಿ ಎಂದು ತೀರ್ಮಾನಿಸಲೂ ಬೇಡಿ. ವಯಸ್ಸು, ಕಾಯಿಲೆ ಎರಡೂ ಸಹಿಯನ್ನು ಬದಲಿಸುತ್ತವೆ. ಬಾಕ್ಸರ್ ಮುಹಮ್ಮದ್ ಅಲಿಗೆ ಪಾರ್ಕಿನ್ಸನ್ ಕಾಯಿಲೆ ಇದೆಯೆಂದು ತಿಳಿದದ್ದು 1984ರಲ್ಲಿ, ನಂತರದ ವರ್ಷಗಳ ಸಹಿ ಮೊದಲಿನದಕ್ಕಿಂತ ಬೇರೆ. ಆದ್ದರಿಂದ 1990ರ ದಶಕದಲ್ಲಿ ಎದುರಿಗೇ ಹಾಕಿಸಿಕೊಂಡದ್ದು ಎಂಬ ಕತೆಯಿರುವ ಅಲಿ ಸಹಿ 1960ರ ದಶಕದ ಚುರುಕಿನಲ್ಲಿದ್ದರೆ ಅನುಮಾನಪಡಬೇಕಾದದ್ದು ಅಲ್ಲಿ. ಸಹಿಯನ್ನು ಅದರ ವರ್ಷದ ಸಹಿಗಳ ಜೊತೆಗೇ ಹೋಲಿಸಬೇಕು.

ಪೆನ್ನಿಗೂ ಹುಟ್ಟಿದ ದಿನ ಇದೆ. ಅಮೆರಿಕದ ಅಂಗಡಿಗಳಿಗೆ ಬಾಲ್‌ಪೆನ್ ಬಂದದ್ದು 1945ರಲ್ಲಿ, ಶಾರ್ಪಿ ಮಾರ್ಕರ್ ಬಂದದ್ದು 1964ರಲ್ಲಿ. ಕಾಗದವನ್ನು ಬೆಳ್ಳಗೆ ಹೊಳೆಸುವ ರಾಸಾಯನಿಕ ಸುಮಾರು 1950ರ ನಂತರ ಬಳಕೆಗೆ ಬಂತು. ನೇರಳಾತೀತ ಬೆಳಕಿನಲ್ಲಿ ಅಂಥ ಕಾಗದ ನೀಲಿಯಾಗಿ ಮಿನುಗುತ್ತದೆ. 1930ರ ದಶಕದ್ದು ಎನ್ನುವ ಫೋಟೋ ಹಾಗೆ ಮಿನುಗಿದರೆ ಕಾಗದವೇ ಆ ಕಾಲದ್ದಲ್ಲ. ಹಳೆಯ ಮಡಿಕೆಯನ್ನು ಸಹಿ ದಾಟುವ ಜಾಗವನ್ನೂ ನೋಡಿ. ಮಡಿಕೆಯ ಒಡೆದ ನಾರುಗಳೊಳಗೆ ಶಾಯಿ ಹರಡಿದ್ದರೆ ಕಾಗದ ಮಡಿಕೆ ಬಿದ್ದ ನಂತರ ಸಹಿ ಬಂದಿದೆ.

ಈ ಪರೀಕ್ಷೆಗಳು ಸಹಿಯನ್ನು ಬೀಳಿಸಬಲ್ಲವು, ನಿಲ್ಲಿಸಲಾರವು. ಎಲ್ಲದರಲ್ಲೂ ಪಾಸಾದ ಸಹಿ ಅಸಲಿ ಎಂದು ಸಾಬೀತಾಗಲಿಲ್ಲ. ನಿಮ್ಮ ಕಣ್ಣಿಗೆ ದೋಷ ಸಿಕ್ಕಲಿಲ್ಲ, ಅಷ್ಟೇ. ಹಳೆಯ ಪುಸ್ತಕದ ಖಾಲಿ ಹಾಳೆ ಹರಿದು, ಹಳೆಯ ಶಾಯಿ ಹುಡುಕಿ ಖೋಟಾ ಮಾಡುವವರೂ ಇದ್ದಾರೆ.

ಹೋಲಿಸಲು ಮಾದರಿ ಎಲ್ಲಿಂದ?

ಇಲ್ಲಿ ತಪ್ಪಿದರೆ ಉಳಿದದ್ದೆಲ್ಲ ನೀರಿನಲ್ಲಿ ಹೋಮ. ಬಹಳ ಜನ ಮಾರಾಟಕ್ಕಿರುವ ಸಹಿಗಳ ಚಿತ್ರಗಳನ್ನೇ ಎದುರಿಗಿಟ್ಟುಕೊಂಡು ಹೋಲಿಸುತ್ತಾರೆ. ಆ ಚಿತ್ರಗಳಲ್ಲಿ ಎಷ್ಟು ನಕಲಿಯೋ ಯಾರು ಬಲ್ಲರು?

1983ರಲ್ಲಿ ಜರ್ಮನಿಯಲ್ಲಿ ಹಿಟ್ಲರನ ದಿನಚರಿಗಳು ಸಿಕ್ಕಿವೆ ಎಂಬ ಸುದ್ದಿ ಲೋಕವನ್ನೇ ಬೆರಗುಗೊಳಿಸಿತ್ತು. ಕೈಬರಹದ ಪರಿಣತರು ನೋಡಿ ಅಸಲಿ ಎಂದಿದ್ದರು. ಆದರೆ ಹೋಲಿಕೆಗೆಂದು ಅವರಿಗೆ ಕೊಟ್ಟ ಮಾದರಿಗಳಲ್ಲಿ ಕೆಲವನ್ನು ಬರೆದವನೂ ದಿನಚರಿ ಬರೆದ ಖೋಟಾಗಾರ ಕೊನ್ರಾಡ್ ಕುಯಾವನೇ. ಅವನ ಕೈಯನ್ನು ಅವನ ಕೈಗೇ ಹೋಲಿಸಿ ಸರಿ ಎಂದಂತಾಯಿತು. ಕೊನೆಗೆ ಗುಟ್ಟು ಹೊರಬಿದ್ದದ್ದು ಕಾಗದವೇ ಮುಂತಾದ ಸಾಮಗ್ರಿಯ ಪರೀಕ್ಷೆಯಿಂದ. ಮೇಲೆ ಹೇಳಿದ ಹೊಳೆಸುವ ರಾಸಾಯನಿಕ ಆ ಕಾಗದದಲ್ಲಿತ್ತು.

ಹಾಗಾಗಿ ಮಾದರಿಗಳನ್ನು ಮಾರಾಟದ ಹೊರಗಿನಿಂದ ತನ್ನಿ: ಪತ್ರಾಗಾರಗಳಲ್ಲಿರುವ ಪತ್ರ, ಒಪ್ಪಂದ, ಉಯಿಲು, ಪಾಸ್‌ಪೋರ್ಟು, ನಗದಾದ ಚೆಕ್ಕು. ಒಂದಲ್ಲ, ಆ ವರ್ಷದ ಆಸುಪಾಸಿನ ಏಳೆಂಟಾದರೂ ಬೇಕು. ಒಬ್ಬರ ಸಹಿ ಎಷ್ಟು ಓಲಾಡುತ್ತದೆ ಎಂಬುದು ಗೊತ್ತಾಗದೆ ಯಾವ ಹೋಲಿಕೆಗೂ ಬೆಲೆಯಿಲ್ಲ.

ಪರಿಣತರ ಬಳಿ ಹೋಗುವುದು

ವಸ್ತುವಿಗೆ ಬೆಲೆಯಿದ್ದರೆ ಹೊರಗಿನ ಅಭಿಪ್ರಾಯ ಪಡೆಯಿರಿ. ಪಿಎಸ್‌ಎ, ಜೆಎಸ್‌ಎ, ಬೆಕೆಟ್ ಎಂಬ ಸಹಿ ಪರೀಕ್ಷಿಸುವ ಸಂಸ್ಥೆಗಳ ಹೆಸರುಗಳು ಕ್ರೀಡೆ, ಸಿನಿಮಾ ಸಹಿಗಳ ವ್ಯಾಪಾರದಲ್ಲಿ ಎಲ್ಲರ ಬಾಯಲ್ಲಿವೆ. ಐತಿಹಾಸಿಕ ಪತ್ರಗಳಿಗೆ ಆ ಒಬ್ಬ ವ್ಯಕ್ತಿಯ ಸಹಿಯನ್ನೇ ದಶಕಗಳಿಂದ ನೋಡಿದವರು ಬೇರೆ ಇರುತ್ತಾರೆ, ಅವರ ಮಾತೇ ಹೆಚ್ಚು ತೂಕದ್ದು. ಯಾರ ಬಳಿಗೆ ಹೋದರೂ ಅವರು ಕೊಡುವುದು ಅಭಿಪ್ರಾಯ. ಫೋಟೋ ನೋಡಿ ಬೇಗ ಕೊಡುವ ಅಭಿಪ್ರಾಯ ಒಂದು, ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿ ಬರೆದುಕೊಡುವ ಪತ್ರ ಇನ್ನೊಂದು. ಮೊದಲನೆಯದನ್ನು ಎರಡನೆಯದರ ಹಾಗೆ ಮುಂದಿಡಬೇಡಿ.

ಇವೆರಡಕ್ಕಿಂತ ಬೇರೆಯಾದದ್ದು ಸಾಕ್ಷಿಯ ಎದುರು ಹಾಕಿದ ಸಹಿ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ 2001ರಲ್ಲಿ ಇಂಥ ವ್ಯವಸ್ಥೆ ತಂದಿತು: ಸಹಿ ಹಾಕುವಾಗ ಪಕ್ಕದಲ್ಲೇ ಒಬ್ಬರು ನಿಂತು ನೋಡುತ್ತಾರೆ, ಅಲ್ಲೇ ಸಂಖ್ಯೆಯುಳ್ಳ ಹೊಳೆಯುವ ಹೊಲೋಗ್ರಾಮ್ ಚೀಟಿ ಅಂಟಿಸುತ್ತಾರೆ. ಆಮೇಲೆ ನೋಡಿ ಹೇಳುವುದಕ್ಕೂ ಆಗಲೇ ನೋಡಿದ್ದಕ್ಕೂ ಅಜಗಜಾಂತರ.

ನಿಮ್ಮ ವಸ್ತುವಿಗೆ ಮೊದಲೇ ಪ್ರಮಾಣಪತ್ರ ಇದ್ದರೆ ಅದನ್ನೂ ಪರೀಕ್ಷಿಸಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ ಪತ್ರ ಇದೆ ಎಂದ ಕೂಡಲೇ ನಂಬುವ ಜನ ತುಂಬ. ಪತ್ರ ಕೊಟ್ಟವರು ಯಾರು, ಅವರೇ ಮಾರಿದವರೇ, ಸಂಸ್ಥೆ ಈಗಲೂ ಇದೆಯೇ, ಸಂಖ್ಯೆ ಅವರ ದಾಖಲೆಯಲ್ಲಿ ಸಿಗುತ್ತದೆಯೇ, ದಾಖಲೆಯಲ್ಲಿರುವ ವಸ್ತು ಇದೇ ವಸ್ತುವೇ ಎಂದು ನೋಡಿ. ಸಂಖ್ಯೆ ಸರಿಯಿದ್ದು ವಸ್ತು ಬೇರೆಯಾಗಿರುವುದೂ ಉಂಟು, ಯಾಕೆಂದರೆ ಚೀಟಿಯನ್ನೂ ನಕಲು ಮಾಡಬಹುದು.

ಈಗ ಬರುವುದು ಕಷ್ಟದ ಮಾತು. ಮೊದಲ ಪರಿಣತರು ಒಪ್ಪಲಿಲ್ಲ, ಎರಡನೆಯವರೂ ಒಪ್ಪಲಿಲ್ಲ, ಮೂರನೆಯವರು ಸರಿ ಎಂದರು. ಮೂರನೆಯ ಪತ್ರವನ್ನಷ್ಟೇ ಇಟ್ಟುಕೊಂಡು ಮಾರುವವರು ಇದ್ದಾರೆ. ಅವರು ಕಾನೂನಿನಲ್ಲಿ ಸಿಕ್ಕಿಬೀಳುತ್ತಾರೋ ಇಲ್ಲವೋ, ನನ್ನ ಲೆಕ್ಕದಲ್ಲಿ ಅದು ಮೋಸವೇ. ಕೊಳ್ಳುವವರು ಯಾವ ಮೂರು ಅಭಿಪ್ರಾಯ ತಿಳಿದಿದ್ದರೆ ಬೇರೆ ಬೆಲೆ ಕೊಡುತ್ತಿದ್ದರೋ ಆ ಮೂರನ್ನೂ ಕೊಡಿ. "ಅಭಿಪ್ರಾಯ ಕೊಡಲು ಸಾಧ್ಯವಿಲ್ಲ" ಎಂದು ವಾಪಸ್ ಬಂದದ್ದೂ ಒಂದು ಅಭಿಪ್ರಾಯವೇ, ಅದನ್ನೂ ಸೇರಿಸಿ.

ಬೆಲೆ ಕಟ್ಟುವುದು

ಸಹಿಯೇ ಇಲ್ಲದಿದ್ದರೆ ಈ ವಸ್ತು ಎಷ್ಟಕ್ಕೆ ಹೋಗುತ್ತಿತ್ತು ಎಂದು ಮೊದಲು ಕಂಡುಹಿಡಿಯಿರಿ. ಮೊದಲ ಮುದ್ರಣದ ಪುಸ್ತಕಕ್ಕೆ, ಹಳೆಯ ಫೋಟೋಗೆ, ಆ ಕಾಲದ ಚೆಂಡಿಗೆ ತಮ್ಮದೇ ಬೆಲೆಯಿದೆ. ನೀವು ಅಲ್ಲಿಂದ ಮೇಲಕ್ಕೆ ಹೋಗಬೇಕು, ಅಸಲಿ ಸಹಿಯ ಬೆಲೆಯಿಂದ ಕೆಳಕ್ಕೆ ಇಳಿಯಬಾರದು.

ಈ ವ್ಯತ್ಯಾಸ ಸಣ್ಣದಲ್ಲ. ಅಸಲಿಯ ಅರ್ಧ ಬೆಲೆಗೆ ಇಟ್ಟರೆ ನೋಡುವವರಿಗೆ ಕಾಣುವುದು ಅನುಮಾನವಲ್ಲ, ಅಗ್ಗ. "ಪಾಪ, ಇವರಿಗೆ ಬೆಲೆ ಗೊತ್ತಿಲ್ಲ" ಎಂದುಕೊಂಡು ಅವಸರದಲ್ಲಿ ಕೊಳ್ಳುತ್ತಾರೆ. ನೀವು ಬಾಯಿಂದ ಅನುಮಾನ ಎಂದರೂ ನಿಮ್ಮ ಬೆಲೆ ಅಸಲಿ ಎಂದು ಕಿವಿಯಲ್ಲಿ ಹೇಳುತ್ತಿರುತ್ತದೆ.

ಕಾರ್ಯದರ್ಶಿ ಸಹಿ, ಆಟೋಪೆನ್ ಸಹಿ ಎಂದು ಖಚಿತವಾದರೆ ಹೆದರಬೇಕಿಲ್ಲ. ಹಾಗೆಂದೇ ಹೆಸರಿಟ್ಟು ಮಾರಿದರೆ ಅವನ್ನು ಆ ರೂಪದಲ್ಲೇ ಸಂಗ್ರಹಿಸುವವರು ಇದ್ದಾರೆ.

ವಿವರಣೆ ಬರೆಯುವುದು

ಇಡೀ ಕೆಲಸದ ಹೃದಯ ಇದು. ಅವಸರ ಬೇಡ.

ತಲೆಬರಹದಿಂದ ಶುರು ಮಾಡಿ. ಹುಡುಕುವವರು ಓದುವುದು ಅದನ್ನೇ, ಕೆಲವರು ಅದನ್ನಷ್ಟೇ. ತಲೆಬರಹದಲ್ಲಿ "ಇಂಥವರ ಸಹಿ ಇರುವ ಫೋಟೋ" ಎಂದು ದಪ್ಪಕ್ಷರದಲ್ಲಿ ಹಾಕಿ, ಒಳಗೆ ಹನ್ನೆರಡನೇ ಸಾಲಿನಲ್ಲಿ "ಖಾತರಿಯಿಲ್ಲ" ಎಂದರೆ ಅದು ಹೇಳಿದ ಹಾಗಲ್ಲ, ಅಡಗಿಸಿದ ಹಾಗೆ.

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತುಗಳನ್ನು ಬಿಡಿ: "ನನಗೆ ಇದರಲ್ಲಿ ಪರಿಣತಿ ಇಲ್ಲ, ನೋಡಿ ನೀವೇ ತೀರ್ಮಾನಿಸಿ", "ನಮ್ಮಜ್ಜ ಸುಳ್ಳು ಹೇಳುವವರಲ್ಲ", "ಅಸಲಿಯೇ ಇರಬಹುದು". ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು, ಯಾಕೆಂದರೆ ಓದುವವರ ಆಸೆ "ಇರಬಹುದು" ಎಂಬುದನ್ನು ನುಂಗಿ "ಅಸಲಿಯೇ" ಎಂಬುದನ್ನು ಮಾತ್ರ ಉಳಿಸಿಕೊಳ್ಳುತ್ತದೆ. "ಇದ್ದ ಹಾಗೆ ಮಾರಾಟ, ವಾಪಸ್ ಇಲ್ಲ" ಎಂಬ ಸಾಲೂ ನಿಮ್ಮನ್ನು ಕಾಯುವುದಿಲ್ಲ. ಗೊತ್ತಿರುವ ದೋಷವನ್ನು ಮುಚ್ಚಿಟ್ಟವರನ್ನು ಅಂಥ ಸಾಲು ಕಾಪಾಡುತ್ತದೆ ಎಂದು ನಂಬಿ ಕೂರಬೇಡಿ.

ನಾನು ಬರೆಯುವ ರೀತಿ ಹೀಗೆ:

"ಹಳೆಯ ಕಪ್ಪುಬಿಳುಪು ಫೋಟೋ, ಮೇಲೆ ದೃಢಪಡದ ಸಹಿ. ಫೋಟೋದ ಕೆಳಭಾಗದಲ್ಲಿ ನೀಲಿ ಬಾಲ್‌ಪೆನ್ನಿನ ಸಹಿ ಇದೆ. ಕೈಯಿಂದ ಹಾಕಿದ್ದು, ಅಚ್ಚಲ್ಲ: ಲೂಪ್‌ನಲ್ಲಿ ಕಾಗದದ ತಗ್ಗು ಕಾಣುತ್ತದೆ. ಚಿತ್ರದಲ್ಲಿರುವ ನಟರದೇ ಸಹಿ ಎಂದು ನಾನು ಹೇಳುವುದಿಲ್ಲ. ನಮ್ಮ ಮನೆಯವರು ಬರೆದ ಪತ್ರಕ್ಕೆ ಉತ್ತರವಾಗಿ ಅಂಚೆಯಲ್ಲಿ ಬಂತೆಂದು ಕೇಳಿದ್ದೇನೆ, ಲಕೋಟೆ ಇಲ್ಲ. ಒಬ್ಬ ಪರಿಣತರು ಕಾರ್ಯದರ್ಶಿಯ ಕೈ ಇರಬಹುದು ಎಂದಿದ್ದಾರೆ, ಅವರ ಪತ್ರದ ಚಿತ್ರ ಕೆಳಗಿದೆ. ಬೆಲೆಯನ್ನು ಸಹಿಯಿಲ್ಲದ ಫೋಟೋ ಎಂದು ಇಡಲಾಗಿದೆ. ಕೊಂಡ ಮೇಲೆ ನೀವೇ ಪರೀಕ್ಷೆ ಮಾಡಿಸಬಹುದು. 30 ದಿನದೊಳಗೆ ಯಾವ ಕಾರಣಕ್ಕಾದರೂ ವಾಪಸ್ ತೆಗೆದುಕೊಳ್ಳುತ್ತೇನೆ."

ಇದನ್ನು ಓದಿ ಯಾರು ಕೊಳ್ಳುತ್ತಾರೆ ಎಂದು ಕೇಳಬಹುದು. ಕೊಳ್ಳುತ್ತಾರೆ. ಫೋಟೋ ಬೇಕಾದವರು, ಆ ನಟರ ಕಾರ್ಯದರ್ಶಿಗಳ ಕೈ ಗುರುತಿಸುವವರು, ನಿಮಗಿಂತ ಚೆನ್ನಾಗಿ ಬಲ್ಲವರು.

ದೊಡ್ಡ ಹರಾಜು ಮನೆಗಳ ಪಟ್ಟಿ ಓದುವಾಗ ಪದಗಳ ಮೇಲೆ ಕಣ್ಣಿಡಿ. ಚಿತ್ರಕಲೆಯ ಪಟ್ಟಿಗಳಲ್ಲಿ "ಸಹಿ ಮಾಡಿದ್ದು" ಎಂದರೆ ಅವರ ಅಭಿಪ್ರಾಯದಲ್ಲಿ ಸಹಿ ಕಲಾವಿದರದು. "ಸಹಿ ಹೊತ್ತಿದೆ" ಎಂದರೆ ಅವರ ಅಭಿಪ್ರಾಯದಲ್ಲಿ ಅದು ಬೇರೊಬ್ಬರ ಕೈಯದು. ಪಟ್ಟಿಯ ಕೊನೆಯಲ್ಲಿ ಇಂಥ ಪದಗಳಿಗೆ ಅರ್ಥ ಕೊಟ್ಟಿರುತ್ತಾರೆ. ನೀವು ಬರೆಯುವಾಗ ಕೊಳ್ಳುವವರಿಗೆ ಅಂಥ ನಿಘಂಟು ಇಲ್ಲ, ಹಾಗಾಗಿ ಬಿಡಿಸಿಯೇ ಹೇಳಿ.

ಚಿತ್ರಗಳ ಬಗ್ಗೆ ಒಂದೇ ಮಾತು: ಸಹಿಯ ಹತ್ತಿರದ ಚಿತ್ರ, ಓರೆ ಬೆಳಕಿನ ಚಿತ್ರ, ಹಿಂಬದಿ, ಎಲ್ಲ ಕಾಗದಪತ್ರ ಹಾಕಿ, ಅನುಮಾನ ಹುಟ್ಟಿಸಿದ ಜಾಗವನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸಿ.

ಎಲ್ಲಿ, ಯಾರಿಗೆ ಮಾರಬೇಕು

ಆನ್‌ಲೈನ್ ಮಾರುಕಟ್ಟೆಯಾದರೆ ಸಹಿಗಳ ಬಗ್ಗೆ ಅದರ ನಿಯಮವನ್ನು ಮೊದಲು ಓದಿ. ಅಸಲಿಯೋ ಅಲ್ಲವೋ ತಿಳಿಯದು ಎಂದು ಬರೆದು ಸಹಿಯ ವಸ್ತುವನ್ನು ಮಾರಲು ಬಿಡದ ಕಡೆಯೂ ಇವೆ. ಅಲ್ಲಿ ಸಹಿಯ ಮಾತನ್ನು ಮಾರಾಟದ ಆಕರ್ಷಣೆಯಾಗಿ ಬಳಸದೆ ವಸ್ತುವನ್ನಷ್ಟೇ ಮಾರಬೇಕು, ಅದಕ್ಕೂ ಅವಕಾಶವಿದೆಯೇ ಎಂದು ಕೇಳಿಕೊಳ್ಳಬೇಕು, ಇಲ್ಲವೇ ಬೇರೆ ದಾರಿ ನೋಡಬೇಕು.

ನನಗೆ ಹಿಡಿಸುವುದು ಸಹಿಗಳಲ್ಲೇ ಪಳಗಿದ ಹರಾಜು ಮನೆ. ಅವರು ತಾವೇ ಪರೀಕ್ಷಿಸುತ್ತಾರೆ, ಬೇಡವೆಂದರೆ ಯಾಕೆಂದು ಹೇಳುತ್ತಾರೆ, ಆ ಉತ್ತರವೇ ಲಾಭ. ಕೊಡುವಾಗ ನಿಮ್ಮ ಮೂರು ಭಾಗದ ಹಾಳೆಯನ್ನೂ ಕೊಡಿ, ಕೊಟ್ಟದ್ದಕ್ಕೆ ಸಹಿ ಪಡೆಯಿರಿ. ವ್ಯಾಪಾರಿಗೆ ನೇರವಾಗಿ ಮಾರಿದರೆ ಬೆಲೆ ಕಡಿಮೆ ಸಿಗುತ್ತದೆ, ಆದರೆ ಎದುರಿಗೆ ಇರುವವರು ಬಲ್ಲವರು. ವ್ಯಾಪಾರಿ ಬಲ್ಲವರೆಂದು ನಿಮ್ಮ ಅನುಮಾನವನ್ನು ನುಂಗಿಕೊಳ್ಳಬೇಡಿ, ಅವರಿಗೂ ಬರೆದುಕೊಡಿ. ಪರಿಚಯದವರಿಗೆ, ಅದರಲ್ಲೂ ನಿಮ್ಮನ್ನು ನಂಬಿ ಏನನ್ನೂ ಕೇಳದವರಿಗೆ ಮಾರುವಾಗ ಎರಡು ಪಟ್ಟು ಬಿಡಿಸಿ ಹೇಳಿ.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಹಿಯ ವಸ್ತುಗಳ ವ್ಯಾಪಾರಿಗಳಿಗೆಂದೇ ಒಂದು ಕಾನೂನಿದೆ. ಪ್ರಮಾಣಪತ್ರದ ನಿಯಮ ಮೀರಿದ ವ್ಯಾಪಾರಿ ಕೊಂಡವರಿಗಾದ ನಷ್ಟದ ಹತ್ತು ಪಟ್ಟಿನವರೆಗೆ ತೆರಬೇಕಾಗಬಹುದು. ಪ್ರಮಾಣಪತ್ರದ ಪ್ರತಿಯನ್ನು ಅವರು ಏಳು ವರ್ಷ ಇಟ್ಟುಕೊಳ್ಳಬೇಕು. ನೀವು ವ್ಯಾಪಾರಿಯಲ್ಲದಿದ್ದರೂ ಆ ಏಳು ವರ್ಷದ ರೂಢಿಯನ್ನು ಅನುಸರಿಸಿ: ವಿವರಣೆ, ಚಿತ್ರ, ಮಾತುಕತೆ, ಹಣದ ದಾಖಲೆ ಎಲ್ಲದರ ಪ್ರತಿ ತೆಗೆದಿಡಿ. ಬೆಲೆ ದೊಡ್ಡದಾದರೆ ಮಾರುವ ಮೊದಲೇ ವಕೀಲರನ್ನು ಕೇಳಿ.

ಮಾರಿದ ಮೇಲೆ ಹೊಸ ಸಂಗತಿ ತಿಳಿದರೆ

ಕೊಂಡವರಿಗೆ ಅದೇ ವಾರ ತಿಳಿಸಿ, ಅವರಾಗಿ ಕೇಳುವವರೆಗೆ ಕಾಯಬೇಡಿ. ನೀವು ಹೇಳಿದ್ದರಲ್ಲಿ ತಪ್ಪಿದ್ದರೆ ಪೂರ್ತಿ ಹಣ ಕೊಟ್ಟು ವಸ್ತು ಹಿಂದೆ ಪಡೆಯಿರಿ, ಕಳಿಸುವ ಖರ್ಚೂ ನಿಮ್ಮದೇ. ಎಲ್ಲವನ್ನೂ ಮೊದಲೇ ಹೇಳಿದ್ದರೂ ಅವರಿಗೆ ಬೇಸರವಾಗಿದ್ದರೆ ನಾನು ವಾಪಸ್ ತೆಗೆದುಕೊಳ್ಳುತ್ತೇನೆ. ಇದು ಎಲ್ಲರಿಗೂ ಆಗುವ ಮಾತಲ್ಲ, ಬೆಲೆಯನ್ನು ಸಹಿಯಿಲ್ಲದ ವಸ್ತುವಿನದ್ದಾಗಿ ಇಟ್ಟಿದ್ದರೆ ಭಾರವೂ ಆಗುವುದಿಲ್ಲ.

ಖೋಟಾ ಎಂದು ಖಚಿತವಾದರೆ

ಆಗ ಮಾರಾಟ ಅಲ್ಲಿಗೆ ನಿಂತಿತು. ನೀವು ಈಚೆಗೆ ಕೊಂಡದ್ದಾದರೆ ಮಾರಿದವರಿಗೆ ಬರಹದಲ್ಲಿ ತಿಳಿಸಿ, ಪರಿಣತರ ಪತ್ರ ಲಗತ್ತಿಸಿ, ಹಣ ಕೇಳಿ. ಕಾರ್ಡಿನಲ್ಲಿ ಹಣ ಕಟ್ಟಿದ್ದರೆ ಬ್ಯಾಂಕಿಗೆ ದೂರು ಕೊಡಲು ದಿನಗಳ ಮಿತಿ ಇರುತ್ತದೆ, ತಡಮಾಡಬೇಡಿ. ಅದೇ ಮಾರಾಟಗಾರರ ಬಳಿ ಇಂಥವು ಇನ್ನೂ ಇವೆ ಎಂದು ಕಂಡರೆ ಮಾರುಕಟ್ಟೆಯವರಿಗೂ ಪೊಲೀಸರಿಗೂ ತಿಳಿಸಿ. ಅಲ್ಲಿಯವರೆಗೆ ವಸ್ತುವನ್ನು ಮುಟ್ಟದೆ ಹಾಗೇ ಇಡಿ, ಅದು ಸಾಕ್ಷ್ಯ.

ಹಣ ಬರುವುದಿಲ್ಲ, ದೂರೂ ಮುಗಿಯಿತು ಎಂದಾದ ಮೇಲೆ ಉಳಿಯುವುದು ನಿಮ್ಮ ಕೈಯಲ್ಲಿರುವ ನಕಲಿ. "ನಕಲಿ ಎಂದು ಹೇಳಿಯೇ ಮಾರುತ್ತೇನೆ" ಎನ್ನಬೇಡಿ. ನೀವು ಹೇಳುತ್ತೀರಿ, ನಿಮ್ಮಿಂದ ಕೊಂಡವರು ಮುಂದಿನವರಿಗೆ ಹೇಳುತ್ತಾರೆಂದು ಯಾರು ಹೊಣೆ? ಸಹಿ ಕಲಿಯುವವರಿಗೆ, ಪರಿಣತರ ಮಾದರಿ ಸಂಗ್ರಹಕ್ಕೆ ಕೊಡಬಹುದು. ಇಟ್ಟುಕೊಳ್ಳುವುದಾದರೆ ಹಿಂಬದಿಯಲ್ಲಿ ಅಳಿಸಲಾಗದ ಶಾಯಿಯಲ್ಲಿ "ಸಹಿ ಅಸಲಿಯಲ್ಲ" ಎಂದು ಬರೆದು ತಾರೀಖು ಹಾಕಿ. ಚೆಂಡಿನಂತೆ ಹಿಂಬದಿ ಇಲ್ಲದ ವಸ್ತುವಾದರೆ ಸಹಿಯ ಪಕ್ಕದಲ್ಲೇ ಬರೆಯಿರಿ. ಜೊತೆಗೆ ಬಂದ ಪ್ರಮಾಣಪತ್ರದ ಮೇಲೂ ಅಡ್ಡಗೆರೆ ಎಳೆದು ಅದನ್ನೇ ಬರೆಯಿರಿ, ಚೀಟಿಯನ್ನು ಕಿತ್ತು ಹರಿಯಿರಿ. ನಿಮ್ಮ ನಂತರ ಆ ಪೆಟ್ಟಿಗೆ ತೆರೆಯುವವರು ಮೊದಲು ಓದುವುದು ಆ ಸಾಲನ್ನೇ ಆಗಿರಲಿ.